ರಾಯರು ಕೊಂಡ ಒಲೆ

ಗ್ರಿಲ್ಲು ಎಂದೊಡನೆ ಮೈಸೂರು ಬೆಂಗಳೂರುಗಳ ಓದುಗರಿಗೆ ನೆನಪಾಗುವುದು ಕಿಟಕಿಗೆ ಹಾಕಿಸುವ ಕಬ್ಬಿಣದ ಜಾಲರಿ. ಕಳ್ಳನು ಒಳಗೆ ಬಾರದಿರಲೆಂದು ಮನೆ ಕಟ್ಟಿಸುವವರು ಅದಕ್ಕೆ ಸುರಿಯುವ ಹಣವನ್ನು ನೋಡಿದರೆ, ಕಳ್ಳನೇ ಬಂದಿದ್ದರೂ ಇಷ್ಟನ್ನು ಹೊತ್ತುಕೊಂಡು ಹೋಗುತ್ತಿರಲಿಲ್ಲವೇನೋ ಎನ್ನಿಸುವುದುಂಟು. ಅಮೆರಿಕದವರ ಗ್ರಿಲ್ಲು ಬೇರೆ. ಅದು ಹಿತ್ತಿಲಿನಲ್ಲಿ, ಬಯಲಿನಲ್ಲಿ ನಿಂತು ಬೇಯಿಸುವ ಒಲೆ. ಮನೆಯೊಳಗಿನ ಅಡಿಗೆಯ ಕಡೆಗೆ ತಲೆಹಾಕದ ಗೃಹಸ್ಥನೂ ಈ ಒಲೆಯ ಯಜಮಾನಿಕೆಯನ್ನು ಮಾತ್ರ ಯಾರಿಗೂ ಬಿಟ್ಟುಕೊಡನು. ಬೇಸಗೆಯ ಶನಿವಾರ ಸಂಜೆ ಆ ದೇಶದ ಯಾವ ಬೀದಿಯಲ್ಲಿ ನಡೆದರೂ ಬೇಲಿಗಳ ಆಚೆಯಿಂದ ಹೊಗೆ ಏಳುತ್ತಿರುತ್ತದೆ. ಸೊಂಟಕ್ಕೆ ಬಟ್ಟೆ ಕಟ್ಟಿ, ಕೈಯಲ್ಲಿ ಇಕ್ಕಳ ಹಿಡಿದು, ಹೋತೃವಿನಂತೆ ಗಂಭೀರವಾಗಿ ನಿಂತ ಗಂಡಸರು ಕಾಣುತ್ತಾರೆ.

ಈ ಯಜ್ಞಕ್ಕೆ ಈಗಿನ ರೂಪ ಬರಲು ಕಾರಣರಾದವರಲ್ಲಿ ಒಬ್ಬನು ಶಿಕಾಗೋದ ಜಾರ್ಜ್ ಸ್ಟೀಫನ್. ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್ ಎಂಬ ಲೋಹದ ಕಾರ್ಖಾನೆಯಲ್ಲಿ ಆತನಿಗೆ ಕೆಲಸ. ಹಡಗುಗಳಿಗೆ ದಾರಿ ತೋರಲು ನೀರಿನ ಮೇಲೆ ತೇಲಬಿಡುವ ಬುಂಡೆಗಳು ಅಲ್ಲಿ ತಯಾರಾಗುತ್ತಿದ್ದುವು. 1952ರಲ್ಲಿ ಆತ ಅಂಥದೊಂದು ಗೋಳವನ್ನು ಎರಡಾಗಿ ಕೊಯ್ದು, ಕೆಳಗಿನ ಅರ್ಧಕ್ಕೆ ಕಾಲುಗಳನ್ನೂ ಮೇಲಿನ ಅರ್ಧಕ್ಕೆ ಹಿಡಿಯನ್ನೂ ಜೋಡಿಸಿ, ಗಾಳಿಗೂ ಮಳೆಗೂ ಹೆದರದ ಮುಚ್ಚಳದ ಇದ್ದಲೊಲೆಯೊಂದನ್ನು ಮಾಡಿದನು. ಇದ್ದಲಿನ ಜಾಗಕ್ಕೆ ಗ್ಯಾಸು ಬಂದುದು, 1985ರಲ್ಲಿ ಅದೇ ವೆಬರ್ ಕಂಪನಿ ಜೆನೆಸಿಸ್ ಎಂಬ ಗ್ಯಾಸ್ ಗ್ರಿಲ್ಲನ್ನು ಮಾರುಕಟ್ಟೆಗೆ ತಂದುದು, ಆಮೇಲೆ ಕ್ಯಾಲಿಫೋರ್ನಿಯದ ಕಾರ್ಖಾನೆಗಳು ದಪ್ಪ ತುಕ್ಕುರಹಿತ ಉಕ್ಕಿನಲ್ಲಿ ಹೋಟಲಿನ ಒಲೆಯಂಥ ಭಾರಿ ಪೆಟ್ಟಿಗೆಗಳನ್ನು ಮಾಡಿ ಶ್ರೀಮಂತರ ಹಿತ್ತಿಲುಗಳನ್ನು ಹೊಕ್ಕುದು ಇವೆಲ್ಲ ದೀರ್ಘ ಕಥೆ. ಇಂದು ಅಂಥದೊಂದನ್ನು ಹೊಸದಾಗಿ ಕೊಳ್ಳಹೋದರೆ ಐದಾರು ಸಾವಿರ ಡಾಲರು ತೆರಬೇಕು.

ರಾಯರು ಐದಾರು ಸಾವಿರ ತೆರುವ ಗಿರಾಕಿಯಲ್ಲ. ಮೈಸೂರಿನಿಂದ ಹೋಗಿ ಶಿಕಾಗೋ ನಗರದ ಹೊರವಲಯದಲ್ಲಿ ನೆಲಸಿ ಅವರಿಗೆ ಹದಿನೆಂಟು ವರ್ಷಗಳಾಗಿದ್ದುವು. ಕೈತುಂಬ ಸಂಬಳ ಬರುತ್ತಿದ್ದರೂ ಬಸ್ಸಿನ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಬರೆದ ತಂದೆಯ ಮಗ ಅವರು. 2015ರ ಬೇಸಗೆಯಲ್ಲಿ ಹದಿನಾಲ್ಕು ವರ್ಷದ ಮಗನು, “ಎಲ್ಲರ ಮನೆಯಲ್ಲೂ ಗ್ರಿಲ್ಲಿದೆ, ನಮ್ಮನೇಲಿ ಮಾತ್ರ ಇಲ್ಲ. ನನ್ನ ಸ್ನೇಹಿತರನ್ನು ಒಂದು ದಿನವಾದರೂ ಮನೆಗೆ ಕರೆಯುವ ಹಾಗಿಲ್ಲ” ಎಂದು ಮುಖ ಊದಿಸಿದಾಗ ರಾಯರು ಮೊದಲು ಉಪನ್ಯಾಸ ಕೊಟ್ಟರು. ಉಪನ್ಯಾಸ ಮುಗಿದ ಮೇಲೆ ಯೋಚಿಸಿದರು. ಹುಡುಗನು ಯಾರ ಮನೆಗೆ ಕರೆದರೂ ಹೋಗುವವನು. ತನ್ನ ಮನೆಗೆ ಯಾರನ್ನೂ ಕರೆದವನಲ್ಲ. ಇದು ಅವರ ಮನಸ್ಸಿಗೆ ಹೊಳೆದದ್ದು ಅಂದೇ.

ಅಗ್ಗದ ಗ್ರಿಲ್ಲು ಇನ್ನೂರು ಡಾಲರಿಗೂ ಸಿಕ್ಕುತ್ತದೆ. ತಗಡು ತೆಳು, ನಾಲ್ಕು ಚಳಿಗಾಲ ಕಂಡರೆ ಹೆಚ್ಚು. ಅದೇ ಇನ್ನೂರಕ್ಕೆ ಹಳೆಯದಾದರೂ ಉತ್ತಮ ಜಾತಿಯದನ್ನು ಏಕೆ ತರಬಾರದು? ಹೊಸ ಪ್ಲೈವುಡ್ಡಿನ ಮಂಚಕ್ಕಿಂತ ಹರಾಜಿನಲ್ಲಿ ಬಂದ ತೇಗದ ಮಂಚವೇ ಮೇಲೆಂದು ನಂಬಿದ ವಂಶ ಅವರದು. ರಾಯರು ಸಂಜೆಯ ಹೊತ್ತು ಮಾರಾಟದ ಜಾಹೀರಾತುಗಳನ್ನು ಓದಲು ಕುಳಿತರು.

ಉತ್ತಮ ಒಲೆಗಳು ಇಷ್ಟು ಅಗ್ಗವಾಗಿ ಕೈಬಿಟ್ಟುಹೋಗುವುದೇಕೆಂಬುದು ವಿಚಿತ್ರವಾಗಿ ಕಂಡರೂ ಕಾರಣಗಳು ಸರಳವಾಗಿವೆ. ಮನೆ ಮಾರಿ ದೂರದ ಊರಿಗೆ ಹೋಗುವವರು ಇನ್ನೂರು ಪೌಂಡಿಗೂ ಮೀರಿದ ಈ ಭಾರವನ್ನು ಹೊತ್ತೊಯ್ಯರು. ಮನೆ ಕೊಂಡು ಬಂದವರಿಗೆ ಅನ್ಯರ ಜಿಡ್ಡು ಹೇಸಿಗೆ. ಕಿಡಿ ಹಾರಿಸುವ ಗುಂಡಿ ಕೆಟ್ಟಿತೆಂದು ಒಲೆಯೇ ಕೆಟ್ಟಿತೆನ್ನುವವರುಂಟು. ಆ ಗುಂಡಿಯೊಳಗೆ ಸತ್ತಿರುವುದು ಬಹುಮಟ್ಟಿಗೆ ಒಂದು ಬ್ಯಾಟರಿ. ಇನ್ನು ಮುಚ್ಚಳದ ಒಳಮೈಯಿಂದ ಕಪ್ಪು ಹಕ್ಕಳೆಗಳು ಏಳುವುದನ್ನು ಕಂಡು ‘ಬಣ್ಣ ಕಿತ್ತುಹೋಗುತ್ತಿದೆ’ ಎಂದು ಗಾಬರಿಯಾಗುವವರು ಲೆಕ್ಕವಿಲ್ಲ. ಅದು ಬಣ್ಣವಲ್ಲ. ವರ್ಷಾನುಗಟ್ಟಲೆ ಹೊಗೆಯೂ ಕೊಬ್ಬೂ ಸೇರಿ ಕರಕಾದ ಪದರ. ಹೆರೆದರೆ ಕೆಳಗೆ ಉಕ್ಕು ಹೊಸದಾಗಿರುತ್ತದೆ.

ಆದರೆ ಹೊಳೆಯುವುದೆಲ್ಲ ಒಳ್ಳೆಯ ಉಕ್ಕಲ್ಲ. ನೂರಕ್ಕೆ ಹದಿನೆಂಟರಷ್ಟು ಕ್ರೋಮಿಯಮ್ಮೂ ಎಂಟರಷ್ಟು ನಿಕ್ಕಲ್ಲೂ ಸೇರಿದ, 304 ಎಂಬ ಸಂಖ್ಯೆಯಿಂದ ಕರೆಯುವ ಉಕ್ಕು ಮಳೆಗಾಳಿಗಳನ್ನು ದಶಕಗಟ್ಟಲೆ ತಡೆಯುತ್ತದೆ. ನಿಕ್ಕಲ್ ಇಲ್ಲದ 430ನೆಯ ಜಾತಿಯದು ಅಂಗಡಿಯಲ್ಲಿ ಅಷ್ಟೇ ಹೊಳೆಯುತ್ತದೆ, ಆದರೆ ಬಯಲಿನಲ್ಲಿ ಬೇಗ ತುಕ್ಕಿನ ಚುಕ್ಕೆ ಹೊರಡಿಸುತ್ತದೆ. ಎರಡನ್ನೂ ಬೇರೆಮಾಡಲು ಅಯಸ್ಕಾಂತ ಸಾಕು: 304ಕ್ಕೆ ಅದು ಅಂಟದು, 430ಕ್ಕೆ ಅಂಟುವುದು. ಬಗ್ಗಿಸಿದ ಅಂಚುಗಳಲ್ಲಿ ಒಳ್ಳೆಯ ಉಕ್ಕೂ ಸ್ವಲ್ಪ ಸೆಳೆಯುವುದರಿಂದ ನಡುಮೈಯನ್ನು ಪರೀಕ್ಷಿಸಬೇಕು. ರಾಯರ ಮನೆಯ ರೆಫ್ರಿಜಿರೇಟರಿನ ಬಾಗಿಲಿಗೆ ಮೈಸೂರು ಅರಮನೆಯ ಚಿತ್ರವಿದ್ದ ಅಯಸ್ಕಾಂತದ ಬಿಲ್ಲೆಯೊಂದಿದ್ದಿತು. ಅದನ್ನು ಜೇಬಿನಲ್ಲಿಟ್ಟುಕೊಂಡು ಅವರು ಊರೂರು ತಿರುಗಿದರು. ಅಪರಿಚಿತನೊಬ್ಬನು ಬಂದು, ನಮಸ್ಕಾರ ಹೇಳಿ, ಜೇಬಿನಿಂದ ಅರಮನೆಯನ್ನು ತೆಗೆದು ತಮ್ಮ ಒಲೆಯ ಹೊಟ್ಟೆಗೆ ಅಂಟಿಸಿ ನೋಡುವುದನ್ನು ಕಂಡ ಮಾಲೀಕರು ಏನೆಂದುಕೊಂಡರೋ! ಎರಡು ಕಡೆ ಅರಮನೆ ಅಂಟಿಕೊಂಡಿತು. ಮೂರನೆಯ ಕಡೆ ಅಂಟಲಿಲ್ಲ. ಆದರೆ ಬರ್ನರುಗಳನ್ನು ಹೊತ್ತ ಪೆಟ್ಟಿಗೆಯ ತಳವನ್ನು ತುಕ್ಕು ತಿಂದು ಹುಲ್ಲು ಕಾಣುತ್ತಿದ್ದಿತು. ಬರ್ನರು, ಜಾಲರಿ, ಗುಂಡಿಗಳನ್ನು ಬದಲಾಯಿಸಬಹುದು. ಆ ಪೆಟ್ಟಿಗೆ ಹೋದರೆ ಉಳಿದದ್ದೆಲ್ಲ ಹೋದಂತೆಯೇ.

ನಾಲ್ಕನೆಯದು ಒಬ್ಬ ವೃದ್ಧೆಯ ಮನೆ. ಅಕ್ಟೋಬರಿನ ಭಾನುವಾರ. ಪತಿ ಹಿಂದಿನ ವರ್ಷ ತೀರಿಕೊಂಡಿದ್ದನು. ಆಕೆ ಮನೆ ಮಾರಿ ಅರಿಜೋನಾದಲ್ಲಿದ್ದ ಮಗಳ ಬಳಿಗೆ ಹೊರಟಿದ್ದಳು. ಗ್ರಿಲ್ಲಿಗೆ ಹಾಕಿದ್ದ ಹೊದಿಕೆಯ ಮೇಲೆ ಎಲೆ ಬಿದ್ದು ಕೊಳೆತಿದ್ದುವು. ಹೊದಿಕೆ ತೆಗೆದಾಗ ಕಂಡದ್ದು ಮೂವತ್ತಾರು ಅಂಗುಲ ಅಗಲದ, ಕ್ಯಾಲಿಫೋರ್ನಿಯದಲ್ಲಿ ತಯಾರಾದ, 1999ರಲ್ಲಿ ಕೊಂಡ ಪೆಟ್ಟಿಗೆ. ಅರಮನೆ ಜಾರಿ ಕೆಳಗೆ ಬಿದ್ದಿತು. ಒಳಗಿನ ಮೂರು ಬರ್ನರುಗಳು ಎರಕದ ಹಿತ್ತಾಳೆಯವು. ಮಸಿ ಹಿಡಿದಿದ್ದರೂ ಒಂದಾದರೂ ಬಿರುಕು ಬಿಟ್ಟಿರಲಿಲ್ಲ. ರಾಯರ ಎದೆ ಹೊಡೆದುಕೊಂಡಿತು. ಚೌಕಾಸಿ ಮಾಡುವವನು ಮುಖದಲ್ಲಿ ಸಂತೋಷ ತೋರಿಸಬಾರದೆಂಬ ನಿಯಮ ಅವರಿಗೆ ಗೊತ್ತಿದ್ದಿತು, ಪಾಲಿಸಲಾಗಲಿಲ್ಲ.

ಆಕೆ ನೂರೆಪ್ಪತ್ತೈದು ಡಾಲರು ಕೇಳಿದಳು. “ನಾನು ಇದನ್ನು ಒಂದು ಸಲವೂ ಹೊತ್ತಿಸಿದವಳಲ್ಲ. ಅದು ಅವರ ಕೆಲಸ. ಹದಿನೈದು ವರ್ಷ, ಶನಿವಾರವೆಂದರೆ ಇಲ್ಲಿಯೇ ನಿಂತಿರುತ್ತಿದ್ದರು” ಎಂದಳು. ಚೌಕಾಸಿಗೆಂದು ರಾಯರು ಸಿದ್ಧಪಡಿಸಿಕೊಂಡಿದ್ದ ವಾಕ್ಯಗಳು ಗಂಟಲಲ್ಲೇ ಉಳಿದುವು, ಕೇಳಿದಷ್ಟನ್ನು ಎಣಿಸಿಕೊಟ್ಟರು. ಆಕೆ ಒಳಗೆ ಹೋಗಿ ಪ್ಲಾಸ್ಟಿಕ್ ಚೀಲದಲ್ಲಿದ್ದ ಕೈಪಿಡಿಯೊಂದನ್ನು ತಂದಿತ್ತಳು. ಕೊಂಡ ರಸೀತಿ ಅದರಲ್ಲಿಯೇ ಇದ್ದಿತು. ಕೊನೆಯ ಹಾಳೆಯಲ್ಲಿ ಪೆನ್ಸಿಲಿನ ಪುಟ್ಟ ಅಕ್ಷರಗಳಲ್ಲಿ ತಾರೀಖುಗಳ ಒಂದು ಪಟ್ಟಿ. ಸತ್ತವನ ಅಕ್ಷರ! ರಾಯರು ಕೈಪಿಡಿಯನ್ನು ಗೌರವದಿಂದ ಮುಚ್ಚಿ ಚೀಲಕ್ಕೆ ಸೇರಿಸಿದರು. ಆಕೆ ಬೀಳ್ಕೊಡಲು ಹೊರಗೆ ಬರಲಿಲ್ಲ. ಬಾಡಿಗೆಯ ಟ್ರಕ್ಕಿಗೆ ಒಲೆಯನ್ನು ಏರಿಸುವಾಗ ಅಡಿಗೆಮನೆಯ ಕಿಟಕಿಯ ತೆರೆ ಮಾತ್ರ ಸ್ವಲ್ಪ ಸರಿದಿದ್ದಿತು.

ಮನೆಯಲ್ಲಿ ಸ್ವಾಗತ ತಕ್ಕಷ್ಟೇ ಇದ್ದಿತು. ರಾಯರ ಶ್ರೀಮತಿ ಮುಚ್ಚಳವನ್ನು ಎರಡು ಬೆರಳಿನಿಂದ ಎತ್ತಿ, ಒಳಗಿನ ಜಿಡ್ಡನ್ನು ನೋಡಿ, ಮೆಲ್ಲನೆ ಇಳಿಸಿದರು.

“ಏನೂಂದ್ರೆ, ಇದರ ಮೇಲೆ ಏನೇನು ಸುಟ್ಟಿದ್ದಾರೋ!”

“ಹದಿನೈದು ವರ್ಷ ಸುಟ್ಟಿದ್ದಾರೆ. ಏನೆಂದು ಕೇಳಲಿ?”

“ಏಪ್ರಿಲ್ಲಿಗೆ ಅತ್ತೆ ಬರುತ್ತಾರೆ. ಅವರಿಗೆ ಏನು ಹೇಳುತ್ತೀರಿ?”

ಇದಕ್ಕೆ ರಾಯರಲ್ಲಿ ಉತ್ತರವಿರಲಿಲ್ಲ. ತಾಯಿಗೆ ಎಪ್ಪತ್ತನಾಲ್ಕು. ಈರುಳ್ಳಿ ಹೆಚ್ಚಿದ ಮಣೆಯ ಮೇಲೆ ತೆಂಗಿನಕಾಯಿ ಇಡದವರು. ಹೇಳದೆ ಇದ್ದುಬಿಡಬಹುದು, ಆದರೆ ತಾಯಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡ ದಾಖಲೆ ರಾಯರ ಜೀವನದಲ್ಲಿ ಒಂದೂ ಇರಲಿಲ್ಲ. ‘ಹೊಸದರಂತೆ ಮಾಡಿಬಿಡುತ್ತೇನೆ’ ಎಂದು ಮನಸ್ಸಿನಲ್ಲೇ ಸಂಕಲ್ಪಮಾಡಿದರು. ಶ್ರೀಮತಿಯವರು ತಮ್ಮ ಪಾಲಿನ ಷರತ್ತನ್ನು ಅಂದೇ ಹಾಕಿದರು: ಯಾವ ಸ್ನೇಹಿತ ಬಂದರೂ ಇದರ ಮೇಲೆ ತರಕಾರಿ, ಜೋಳ, ಪನೀರು ಇಷ್ಟೇ. ಹುಡುಗನು ಒಪ್ಪಿದನು.

ಸಂಕಲ್ಪ ಸುಲಭ, ಜಿಡ್ಡು ಸುಲಭವಲ್ಲ. ಕಾರಿನ ಷೆಡ್ಡಿನಲ್ಲಿ ರಾಯರು ಒಲೆಯನ್ನು ಬಿಚ್ಚಲು ತೊಡಗಿದರು. ಉಕ್ಕಿನ ತಿರುಪುಮೊಳೆಗಳು ಉಕ್ಕಿನ ರಂಧ್ರಗಳಲ್ಲಿ ಕಚ್ಚಿ ಕುಳಿತಿದ್ದುವು. ಎಣ್ಣೆ ಬಿಟ್ಟು, ರಾತ್ರಿ ಕಾದು, ಬೆಳಿಗ್ಗೆ ತಿರುವಬೇಕು. ಆತುರಪಟ್ಟ ಎರಡು ಮೊಳೆಗಳು ತಲೆ ಮುರಿದುಕೊಂಡುವು. ಉಕ್ಕಿನ ಭಾಗಗಳನ್ನು ಕಾಸ್ಟಿಕ್ ಸೋಡದ ದ್ರಾವಣದಲ್ಲಿ ನೆನೆಹಾಕಿದರೆ ಕೊಬ್ಬು ಸಾಬೂನಿನಂತೆ ಕರಗಿ ಇಳಿಯುತ್ತದೆ. ಕೈಗವಸು, ಕಣ್ಣಿಗೆ ಕನ್ನಡಕ ಎರಡೂ ಇಲ್ಲದೆ ಆ ತೊಟ್ಟಿಯ ಬಳಿಗೆ ಹೋಗಬಾರದು. ರಾಯರು ಇವೆರಡನ್ನೂ ಧರಿಸಿದರು. ಧರಿಸಿಕೊಂಡೇ ಅಲ್ಯೂಮಿನಿಯಮ್ಮಿನ ಒಂದು ನಾಬನ್ನೂ ಅದೇ ತೊಟ್ಟಿಗೆ ಹಾಕಿದರು. ಸೋಡಕ್ಕೂ ಅಲ್ಯೂಮಿನಿಯಮ್ಮಿಗೂ ಆಗದು. ತೊಟ್ಟಿ ಕುದಿಯುವಂತೆ ನೊರೆಯೆದ್ದಿತು. ಹೊರಗೆ ತೆಗೆದಾಗ ನಾಬು ಕರ್ರಗೆ, ಅರ್ಧ ಕರಗಿದ ಬೆಲ್ಲದ ಅಚ್ಚಿನಂತಾಗಿದ್ದಿತು. ಹೊಸ ನಾಬಿಗೆ ಮೂವತ್ತೆರಡು ಡಾಲರು. ಇದನ್ನು ಅವರು ಮನೆಯಲ್ಲಿ ಹೇಳಲಿಲ್ಲ.

ಉಕ್ಕನ್ನು ಉಜ್ಜುವುದರಲ್ಲಿಯೂ ರೀತಿಯಿದೆ. ಆ ತಗಡಿನ ಮೈಯಲ್ಲಿ ಮರದ ನಾರಿನಂತೆ ಸಣ್ಣ ಗೀರುಗಳು ಒಂದೇ ದಿಕ್ಕಿಗೆ ಓಡುತ್ತವೆ. ಅವುಗಳ ಗುಂಟ ಉಜ್ಜಬೇಕು, ಅಡ್ಡಡ್ಡ ಉಜ್ಜಿದರೆ ಕಲೆ ಶಾಶ್ವತ. ಸಾಧಾರಣ ಉಕ್ಕಿನ ನಾರಿನಿಂದ ಉಜ್ಜಿದರೆ ಅದರ ಕಣಗಳು ಉಳಿದು ತುಕ್ಕಿಗೆ ಬೀಜವಾಗುತ್ತವೆ. ತಂತಿಯ ಬ್ರಷ್ಷಿನ ಅಪಾಯವಂತೂ ಬೇರೆಯದು. ಉದುರಿದ ತಂತಿಯ ಚೂರು ಜಾಲರಿಯಿಂದ ಅನ್ನಕ್ಕೂ ಅನ್ನದಿಂದ ಗಂಟಲಿಗೂ ಇಳಿಯಬಲ್ಲುದು. ರೋಡ್ ಐಲೆಂಡಿನ ವೈದ್ಯರು ಕಂಡ ಇಂಥ ಆರು ಪ್ರಕರಣಗಳನ್ನು ಅಮೆರಿಕದ ರೋಗನಿಯಂತ್ರಣ ಕೇಂದ್ರವು 2012ರಲ್ಲಿ ಪ್ರಕಟಿಸಿತು. ರಾಯರು ಇದನ್ನು ಓದಿ ತಂತಿಯ ಬ್ರಷ್ಷನ್ನು ಎಸೆದರು. ಹಳೆಯ ಜಾಲರಿಗಳನ್ನೂ ಎಸೆದು ಹೊಸವನ್ನು ತರಿಸಿದರು. ಹೀಗೆ ನೂರೆಪ್ಪತ್ತೈದರ ಒಲೆ ಐನೂರನ್ನು ಮುಟ್ಟಿತು.

ಗ್ಯಾಸಿನ ವಿಷಯದಲ್ಲಿ ಮಾತ್ರ ರಾಯರು ಕೈ ಬಿಗಿಹಿಡಿಯಲಿಲ್ಲ. ವೃದ್ಧೆಯ ಮನೆಯಲ್ಲಿ ಒಲೆ ನೆಲದ ಕೊಳವೆಯಿಂದ ಬರುವ ನೈಸರ್ಗಿಕ ಅನಿಲದಿಂದ ಉರಿಯುತ್ತಿದ್ದಿತು. ರಾಯರ ಹಿತ್ತಿಲಿನಲ್ಲಿ ಇದ್ದುದು ಪ್ರೊಪೇನಿನ ಸಿಲಿಂಡರು. ಎರಡೂ ಗ್ಯಾಸೇ ಅಲ್ಲವೆ ಎಂದು ಒಂದರ ಜಾಗಕ್ಕೆ ಇನ್ನೊಂದನ್ನು ಜೋಡಿಸಿ ಹುಬ್ಬು ಸುಟ್ಟುಕೊಂಡವರುಂಟು. ಒಂದು ಘನ ಅಡಿ ನೈಸರ್ಗಿಕ ಅನಿಲಕ್ಕೆ ಸುಮಾರು ಸಾವಿರ ಬಿ.ಟಿ.ಯು. ಶಾಖವಾದರೆ ಪ್ರೊಪೇನಿಗೆ ಎರಡೂವರೆ ಸಾವಿರ. ಒತ್ತಡವೂ ಸಮವಲ್ಲ: ಮೊದಲನೆಯದು ಒಲೆಯ ಬಳಿಗೆ ಬರುವುದು ನೀರಿನ ಕಂಬವನ್ನು ನಾಲ್ಕಂಗುಲ ಎತ್ತುವಷ್ಟು ಬಲದಿಂದ, ಎರಡನೆಯದು ಹನ್ನೊಂದಂಗುಲ ಎತ್ತುವಷ್ಟು. ಆದ್ದರಿಂದ ಪ್ರೊಪೇನಿನ ಜೆಟ್ಟಿನ ರಂಧ್ರ ಬಹಳ ಸಣ್ಣದಾಗಿರಬೇಕು, ರೆಗ್ಯುಲೇಟರೂ ಬೇರೆಯದಾಗಬೇಕು. ರಾಯರು ಒಲೆಯ ಸಂಖ್ಯೆಯನ್ನು ಬರೆದು ತಯಾರಕರಿಂದಲೇ ಇವನ್ನು ತರಿಸಿದರು. ಹಿತ್ತಾಳೆಯ ಬರ್ನರುಗಳ ಹೊರಮೈಯ ಮಸಿಯನ್ನು ಕೆರೆದರು, ಉರಿ ಹೊರಡುವ ರಂಧ್ರಗಳನ್ನು ಒಂದೊಂದಾಗಿ ತಂತಿಯಿಂದ ಬಿಡಿಸಿದರು. ಇಲ್ಲಿಗೆ ಕೆಲಸ ಮುಗಿಯಿತೆಂದುಕೊಂಡರು.

2016ರ ಏಪ್ರಿಲಿನಲ್ಲಿ ತಾಯಿ ಬಂದರು. ಮೂರನೆಯ ದಿನ ಷೆಡ್ಡಿನ ಬಾಗಿಲಲ್ಲಿ ನಿಂತು ಕೇಳಿದರು.

“ಇದೇನೋ ಇದು, ಇಷ್ಟು ದೊಡ್ಡ ಪೆಟ್ಟಿಗೆ?”

ರಾಯರು ಎಲ್ಲವನ್ನೂ ಹೇಳಿಬಿಟ್ಟರು. ವೃದ್ಧೆಯ ವಿಷಯ, ಹದಿನೈದು ವರ್ಷದ ವಿಷಯ, ಸೋಡದ ವಿಷಯ, ನಾಬಿನ ವಿಷಯ ಕೂಡ. ತಾಯಿ ಏನೂ ಅನ್ನಲಿಲ್ಲ. ಅವರ ಕಣ್ಣು ಬೆಂಚಿನ ಮೇಲಿದ್ದ ಬರ್ನರುಗಳ ಮೇಲೆ ನಿಂತಿದ್ದಿತು.

“ಹಿತ್ತಾಳೆಯೇನೋ?”

“ಹೂಂ ಅಮ್ಮ. ಎರಕದ್ದು.”

“ಹಿತ್ತಾಳೇನ ಹೀಗೆ ಕೆರೆಯುತ್ತಾರೇನೋ, ಪೆದ್ದೆ! ಹುಣಿಸೆಹಣ್ಣು ಇಲ್ಲವೇ ಮನೆಯಲ್ಲಿ?”

ರಾಯರು ಅಂಜುತ್ತಲೇ, “ಅಮ್ಮ, ಅದರ ಮೇಲೆ ಮಾಂಸದ ಕೊಬ್ಬು...” ಎಂದರು.

“ಅದು ಮೇಲೆ ಬಿತ್ತು. ಇದು ಬೆಂಕಿ ಹುಟ್ಟುವ ಜಾಗ. ಕೊಡಿಲ್ಲಿ” ಎಂದು ತಾಯಿ ಸೆರಗು ಸಿಕ್ಕಿಸಿದರು. ಹುಣಿಸೆಯ ಹುಳಿ, ಉಪ್ಪು; ಒಂದು ಗಂಟೆಯಲ್ಲಿ ಮೂರು ಬರ್ನರುಗಳೂ ಗೌರಿಹಬ್ಬದ ಕಲಶಗಳಂತೆ ಥಳಥಳಿಸಿದುವು. ಹುಳಿಯ ಎಳೆ ರಂಧ್ರಗಳಲ್ಲಿ ನಿಲ್ಲದಂತೆ ಬಿಸಿನೀರಿನಿಂದ ಮೂರು ಸಲ ತೊಳೆದು ಬಿಸಿಲಿಗಿಟ್ಟರು. ಆದರೆ ಆ ಒಲೆಯ ಮೇಲೆ ಬೆಂದದ್ದನ್ನು ತಾವು ತಿನ್ನುವಿರೋ ಇಲ್ಲವೋ ಎಂಬ ಮಾತಿಗೆ ಅವರು ಬರಲಿಲ್ಲ. ಕೇಳುವ ಧೈರ್ಯ ಇನ್ನಾರಿಗೂ ಬರಲಿಲ್ಲ.

ಮೇ ತಿಂಗಳ ಎರಡನೆಯ ಶನಿವಾರ ಮೊದಲ ಉರಿ ಎಂದು ಗೊತ್ತಾಯಿತು. ಮಗನು ಮುಂದಿನ ಶನಿವಾರಕ್ಕೆ ನಾಲ್ವರು ಸ್ನೇಹಿತರನ್ನು ಆಗಲೇ ಕರೆದುಬಿಟ್ಟಿದ್ದನು. ರಾಯರು ಕೂಡುವೆಡೆಗಳಿಗೆಲ್ಲ ಸಾಬೂನಿನ ನೀರು ಬಳಿದು, ಗುಳ್ಳೆ ಏಳುವುದಿಲ್ಲವೆಂದು ನೋಡಿದರು. ಪ್ರೊಪೇನು ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ಪೆಟ್ಟಿಗೆಯ ತಳದಲ್ಲಿ ಹೊಂಚುಹಾಕಿ ಕುಳಿತಿರುತ್ತದೆ. ಆದ್ದರಿಂದ ಹೊತ್ತಿಸುವಾಗ ಮುಚ್ಚಳವನ್ನು ತೆರೆದೇ ಇಟ್ಟರು. ಮೊದಲನೆಯ ಬರ್ನರು ಹೊತ್ತಿತು: ನೀಲಿ, ನೆಟ್ಟಗೆ, ಸಣ್ಣಗೆ ಸುಯ್ಯೆನ್ನುವ ಉರಿ. ಎರಡನೆಯದೂ ಹಾಗೆಯೇ. ಮೂರನೆಯದು ಹೊತ್ತಿತು, ಆದರೆ ಉರಿ ಹಳದಿ, ಸೋಮಾರಿಯಂತೆ ತೂಗಾಡುತ್ತಿದ್ದಿತು. ಎಂಟು ವರ್ಷದ ಮಗಳು ಜೋಳದ ತೆನೆ ಹಿಡಿದು ಅಪ್ಪನ ಮೊಣಕೈಗೆ ಒತ್ತಿ ನಿಂತಿದ್ದಳು.

ದೂರದ ಕುರ್ಚಿಯಲ್ಲಿದ್ದ ತಾಯಿ ಎದ್ದರು. “ಮೂರನೆಯದಕ್ಕೆ ಗಾಳಿ ಸಾಲದು ಕಣೋ” ಎಂದರು.

‘ಕಾದಮೇಲೆ ಸರಿಹೋಗುತ್ತೆ’ ಎಂದು ರಾಯರು ಹೇಳುವಷ್ಟರಲ್ಲಿ ‘ಬುಸ್’ ಎಂಬ ಸದ್ದು. ಮೇಲಿನ ಉರಿ ಮಾಯವಾಯಿತು. ನಾಬುಗಳ ಹಿಂಬದಿಯಿಂದ, ಉರಿ ಇರಬಾರದ ಜಾಗದಿಂದ, ಕಿತ್ತಳೆ ಬಣ್ಣದ ನಾಲಗೆ ಚಾಚಿತು. ರಾಯರು ನಾಬಿಗೆ ಕೈ ಹಾಕಿದರು. ಕಾದ ಲೋಹ ಬೆರಳು ಸುಟ್ಟಿತು, ಕೈ ಹಿಂದಕ್ಕೆ ಬಂದಿತು.

“ಸಿಲಿಂಡರು! ಮೊದಲು ಸಿಲಿಂಡರು ಮುಚ್ಚೋ!”

ತಾಯಿ ಕೂಗುತ್ತಲೇ ಮೊಮ್ಮಗಳ ಜಡೆ ಹಿಡಿದು ಹಿಂದಕ್ಕೆಳೆದಿದ್ದರು. ರಾಯರು ಬಗ್ಗಿ ಸಿಲಿಂಡರಿನ ಕವಾಟವನ್ನು ತಿರುಗಿಸಿದರು. ಉರಿ ಒಂದೆರಡು ಕ್ಷಣ ನಿಂತು, ಕುಗ್ಗಿ, ಆರಿತು. ಮಗಳು ಅಳಲಿಲ್ಲ, ಕೈಯಲ್ಲಿದ್ದ ತೆನೆಯನ್ನೂ ಬಿಟ್ಟಿರಲಿಲ್ಲ. ರಾಯರ ಮುಂಗೈಯ ಕೂದಲು ಸುಟ್ಟ ವಾಸನೆ ಹರಡಿದ್ದಿತು.

ಆ ಕೂಗು ಮೂವತ್ತು ವರ್ಷಗಳ ಅಭ್ಯಾಸದಿಂದ ಬಂದುದು. ಮೈಸೂರಿನ ಮನೆಯಲ್ಲಿ ರಾತ್ರಿ ಅಡಿಗೆಮನೆಯ ದೀಪ ಆರಿಸುವ ಮುನ್ನ ಸಿಲಿಂಡರಿನ ಗುಂಡಿಯನ್ನು ಮುಚ್ಚದೆ ಅವರು ಮಲಗಿದವರಲ್ಲ. ಅದಕ್ಕೂ ಹಿಂದೆ ಹದಿನೆಂಟು ವರ್ಷ ಸೀಮೆಎಣ್ಣೆಯ ಪಂಪ್ ಸ್ಟೌ. ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಎಂಬಾತ 1892ರಲ್ಲಿ ಕಂಡುಹಿಡಿದ ಆ ಹಿತ್ತಾಳೆಯ ಒಲೆ ಭಾರತದ ಎಷ್ಟು ಅಡಿಗೆಮನೆಗಳನ್ನು ಆಳಿತೋ, ಎಷ್ಟು ಸೊಸೆಯರ ಸೀರೆಯ ಸೆರಗನ್ನು ಹಿಡಿಯಿತೋ! 1965ರಲ್ಲಿ ಇಂಡೇನ್ ಗ್ಯಾಸು ಬಂದರೂ ಮಧ್ಯಮವರ್ಗದವರ ಸರದಿ ಬರಲು ವರ್ಷಗಳೇ ಹಿಡಿದುವು. ಅಲ್ಲಿಯವರೆಗೆ ಉರಿ ಹಳದಿಯಾದರೆ ಪಿನ್ನು ಹಾಕಬೇಕು, ಸದ್ದು ಬದಲಾದರೆ ಒತ್ತಡ ಇಳಿಸಬೇಕು ಎಂದು ಆ ಒಲೆಯೇ ಕಲಿಸಿದ್ದಿತು. ಕ್ಯಾಲಿಫೋರ್ನಿಯದ ಈ ದೊಡ್ಡ ಪೆಟ್ಟಿಗೆ ಅವರ ಕಣ್ಣಿಗೆ ಮೂರು ತಲೆಯ ಪಂಪ್ ಸ್ಟೌ, ಅಷ್ಟೇ.

ರಾಯರು ಮೆಟ್ಟಿಲ ಮೇಲೆ ಕುಳಿತು, “ನಾಳೆ ಕಸದ ಗಾಡಿಗೆ ಹಾಕಿಬಿಡುತ್ತೇನೆ” ಎಂದರು. ಶ್ರೀಮತಿಯವರು ಮಾತನಾಡದೆ ಮಗಳನ್ನು ಒಳಗೆ ಕರೆದೊಯ್ದರು. ಮಗನು ಬೇಲಿಯ ಕಡೆ ಮುಖಮಾಡಿ ನಿಂತಿದ್ದನು.

ಒಲೆ ಆರಿದ ಮೇಲೆ ತಾಯಿ ಹತ್ತಿರ ಹೋದರು. “ಹೊರಗೆಲ್ಲ ಉಜ್ಜಿದೆವು. ಒಳಗೆ ನೋಡಿದೆಯೇನೋ?”

“ರಂಧ್ರಗಳನ್ನೆಲ್ಲ ಬಿಡಿಸಿದ್ದೆ.”

“ರಂಧ್ರವಲ್ಲ. ಕೊಳವೆ. ಬಿಚ್ಚು.”

ಮೂರನೆಯ ಬರ್ನರನ್ನು ಬಿಚ್ಚಿ, ಗ್ಯಾಸೂ ಗಾಳಿಯೂ ಕೂಡುವ ಕೊಳವೆಯನ್ನು ಬೆಳಕಿಗೆ ಹಿಡಿದರು. ಬೆಳಕು ಕಾಣಲಿಲ್ಲ. ಉದ್ದನೆಯ ಬಾಟಲಿ ಬ್ರಷ್ಷನ್ನು ತೂರಿಸಿ ಎಳೆದಾಗ ಬಿಳಿಯ ಹತ್ತಿಯಂಥ ಉಂಡೆ ಹೊರಬಂದಿತು: ಒದ್ದೆಯಾಗಿ ಒತ್ತರಿಸಿದ ಜೇಡರ ಬಲೆ. ಹುಣಿಸೆಯ ನೀರಿಗೂ ಜಗ್ಗದೆ ಬಗ್ಗಿನಲ್ಲಿ ಕಚ್ಚಿ ಕುಳಿತಿದ್ದಿತು. ಗ್ಯಾಸು ಬಂದಿದೆ, ಮುಂದಕ್ಕೆ ದಾರಿಯಿಲ್ಲ, ಹಿಂದಕ್ಕೆ ತಿರುಗಿ ಗಾಳಿಯ ಬಾಯಲ್ಲಿ ಹೊತ್ತಿಕೊಂಡಿದೆ. ಜೇಡಕ್ಕೆ ಗ್ಯಾಸಿನ ಕೊಳವೆಯ ಮೇಲೆ ಏನು ಮೋಹವೋ! 2011ರಲ್ಲಿ ಮಜ್ದಾ ಕಂಪನಿ ಸುಮಾರು ಅರವತ್ತೈದು ಸಾವಿರ ಕಾರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಪೆಟ್ರೋಲು ತೊಟ್ಟಿಗೆ ಸೇರಿದ ಗಾಳಿಕೊಳವೆಯಲ್ಲಿ ಹಳದಿ ಜೇಡ ಬಲೆ ನೇಯುತ್ತಿದ್ದುದೇ ಅದಕ್ಕೆ ಕಾರಣ. ಗ್ರಿಲ್ಲು ತಯಾರಿಸುವವರೂ ವರ್ಷಕ್ಕೊಮ್ಮೆ ಕೊಳವೆ ನೋಡಿರೆಂದು ಕೈಪಿಡಿಗಳಲ್ಲಿ ಅಚ್ಚುಹಾಕಿಯೇ ಇರುತ್ತಾರೆ.

ಕೈಪಿಡಿ ಎಂದೊಡನೆ ರಾಯರು ಎದ್ದು ಒಳಗೆ ಹೋದರು. ಪ್ಲಾಸ್ಟಿಕ್ ಚೀಲದಿಂದ ಅದನ್ನು ತೆಗೆದು ಕೊನೆಯ ಹಾಳೆಯನ್ನು ತೆರೆದರು. ‘ಏಪ್ರಿಲ್ 2000, ಕೊಳವೆಗಳು.’ ‘ಏಪ್ರಿಲ್ 2001, ಕೊಳವೆಗಳು.’ ಒಂದು ವರ್ಷವೂ ತಪ್ಪದೆ, ಸಾಲಿನ ಕೆಳಗೆ ಸಾಲು. ಪೆನ್ಸಿಲಿನ ಅಕ್ಷರ ಕೊನೆಕೊನೆಗೆ ನಡುಗಿದ್ದಿತು. ‘ಏಪ್ರಿಲ್ 2013, ಕೊಳವೆಗಳು’ ಎಂಬಲ್ಲಿಗೆ ಪಟ್ಟಿ ನಿಂತಿದ್ದಿತು. ಅಕ್ಟೋಬರಿನಿಂದ ಆ ಹಾಳೆ ಮನೆಯಲ್ಲಿಯೇ ಇದ್ದಿತು. ರಾಯರು ಅದನ್ನು ಸತ್ತವನ ನೆನಪೆಂದು ಮುಚ್ಚಿಟ್ಟಿದ್ದರೇ ಹೊರತು ಓದಿರಲಿಲ್ಲ. ಮೇಜಿನ ಮೇಲಿದ್ದ ಮಗಳ ಪೆನ್ಸಿಲನ್ನು ತೆಗೆದುಕೊಂಡು ಕೆಳಗೆ ಬರೆದರು: ‘ಮೇ 2016.’ ಮುಂದಿನ ಪದವನ್ನು ಇಂಗ್ಲಿಷಿನಲ್ಲಿ ಬರೆಯುವುದೋ ಕನ್ನಡದಲ್ಲೋ ಎಂದು ಸ್ವಲ್ಪ ಹೊತ್ತು ಯೋಚಿಸಿ, ಕನ್ನಡದಲ್ಲಿ ಬರೆದರು.

ಮಾರನೆಯ ದಿನ ಮೂರು ಕೊಳವೆಗಳನ್ನೂ ತೊಳೆದು ಒಣಗಿಸಿ ಜೋಡಿಸಿದ್ದಾಯಿತು. ಈ ಸಲ ಮಕ್ಕಳು ಅಡಿಗೆಮನೆಯ ಕಿಟಕಿಯ ಹಿಂದೆ. ತಾಯಿ ಸಿಲಿಂಡರಿನ ಪಕ್ಕದಲ್ಲಿ, ಕವಾಟದ ಮೇಲೆ ಕೈಯಿಟ್ಟು. ಮೂರೂ ನೀಲಿಯಾಗಿ ಹೊತ್ತಿದುವು. ತುದಿಯಲ್ಲಿ ಒಂದಿಷ್ಟು ಹಳದಿ ಕಂಡುದಕ್ಕೆ ಗಾಳಿಯ ಬಾಗಿಲನ್ನು ಎಷ್ಟು ತೆರೆಯಬೇಕೆಂದು ಅವರೇ ಹೇಳಿದರು, ಕಿವಿಗೊಟ್ಟು ಸದ್ದು ಕೇಳಿ. ಆಮೇಲೆ, “ಇದನ್ನು ಒಂದು ಗಂಟೆ ಹೀಗೇ ಉರಿಯಲು ಬಿಡು, ಏನನ್ನೂ ಇಡಬೇಡ” ಎಂದರು. ಪೆಟ್ಟಿಗೆ ಬರಿದಾಗಿ ಉರಿಯಿತು. ಉಳಿದಿದ್ದ ಅಲ್ಪಸ್ವಲ್ಪ ಜಿಡ್ಡು ಹೊಗೆಯಾಗಿ ಹೋಯಿತು. ತಾಯಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಆ ಒಂದು ಗಂಟೆಯೂ ಕದಲದೆ ಕುಳಿತಿದ್ದರು.

ಗಂಟೆ ಕಳೆದ ಮೇಲೆ ಒಳಗೆ ಹೋಗಿ ಒಂದು ದಪ್ಪ ಬದನೆಕಾಯಿಯನ್ನು ತಂದರು. ಎಣ್ಣೆ ಸವರಿ, ನಾಲ್ಕು ಕಡೆ ಚುಚ್ಚಿ, ಹೊಸ ಜಾಲರಿಯ ನಟ್ಟನಡುವೆ ತಾವೇ ಇಟ್ಟರು. ಮಗನು ತನ್ನ ಜೋಳದ ತೆನೆಗಳನ್ನು ಹಿಡಿದು ಮುಂದೆ ಬಂದಾಗ, “ತಾಳು ಮಗೂ, ಮೊದಲು ಇದು ಬೇಯಲಿ” ಎಂದರು. ಸಿಪ್ಪೆ ಕರಕಾಗಿ ಬಿರಿಯಿತು. ಸೊಸೆ ಗೊಜ್ಜು ಕಲಸಿ, ಒಗ್ಗರಣೆ ಹಾಕಿ, ಬಟ್ಟಲನ್ನು ಹೊರಗೆ ತಂದು ಸುಮ್ಮನೆ ನಿಂತರು. ಯಾರಿಗೆ ಮೊದಲು ಕೊಡಬೇಕೆಂದು ಅವರಿಗೆ ತೋಚಲಿಲ್ಲ. ರಾಯರು ನೋಟವನ್ನು ಬೇಲಿಯ ಕಡೆಗೆ ತಿರುಗಿಸಿದರು.

ತಾಯಿ ಕೈ ಚಾಚಿ ಬಟ್ಟಲನ್ನು ತೆಗೆದುಕೊಂಡರು. ಬಿಸಿ ಅನ್ನಕ್ಕೆ ಕಲಸಿ ಒಂದು ತುತ್ತು ಬಾಯಿಗಿಟ್ಟು, ಸಾವಕಾಶವಾಗಿ ಅಗಿದರು.

“ಉಪ್ಪು ಒಂದು ಹರಳು ಮುಂದಾಯಿತು ಕಣಮ್ಮ” ಎಂದು ಸೊಸೆಗೆ ಹೇಳಿ ಮತ್ತೊಂದು ತುತ್ತು ಕಲಸಿದರು.